ಆ ಒಂದು ಒದೆತ

23 ನವೆಂಬರ್ 2025, ಭಾನುವಾರ
ಮೈಸೂರು, ರಾತ್ರಿ 10.40

ಐಸ್ ಟ್ರೇ ಖಾಲಿ ಮಾಡಿ, ಟವೆಲ್‌ಗೆ ಸುತ್ತಿ, ಬಲ ಮಂಡಿಗೆ ಕಟ್ಟಿಕೊಂಡು ಕೂತಿದ್ದೇನೆ. ಮಕ್ಕಳು ಮಲಗಿದ್ದಾರೆ. ಮರೆಯುವ ಮುಂಚೆ ಬರೆದುಬಿಡೋಣ ಅಂತ.

ಇವತ್ತು ಬೆಂಗಳೂರಿನಲ್ಲಿ ಮಾಸ್ಟರ್ಸ್, ಅಂದರೆ ವಯಸ್ಕರ ಈಜು ಸ್ಪರ್ಧೆ ಇತ್ತು. 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯ ಹಾಗೆ ಒದೆಯುವ ಈಜು) ಈಜಿದೆ. 1996ರ ನಂತರ ಇದೇ ಮೊದಲು. ನಡುವೆ ಡಿಗ್ರಿ, ಬ್ಯಾಂಕ್ ಪರೀಕ್ಷೆ, ಮದುವೆ, ಎರಡು ಹೆರಿಗೆ, ನಾಲ್ಕು ಟ್ರಾನ್ಸ್‌ಫರ್. ನೀರಿಗೆ ಇಳಿದೇ ಇರಲಿಲ್ಲ ಅಂತಲ್ಲ. ರೆಸಾರ್ಟ್‌ನಲ್ಲಿ ಮಕ್ಕಳ ಚಪ್ಪಲಿ ಕಾಯುತ್ತಾ ಸೊಂಟದಷ್ಟು ನೀರಿನಲ್ಲಿ ನಿಂತಿದ್ದೇನೆ. ಅದನ್ನು ಈಜು ಅನ್ನೋಕಾಗಲ್ಲ.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಕಂಚಿನ ಪದಕ ಬಂತು. ಎಷ್ಟು ಜನ ಇದ್ದರು ಅಂತ ದಯವಿಟ್ಟು ಕೇಳಬೇಡಿ. ಸರಿ, ಹೇಳುತ್ತೇನೆ. 45ರಿಂದ 49ರ ಹೆಂಗಸರ ಗುಂಪಿನಲ್ಲಿ ನಾವು ಮೂರೇ ಜನ.

ಮಾಸ್ಟರ್ಸ್‌ನಲ್ಲಿ ಐದೈದು ವರ್ಷಕ್ಕೆ ಒಂದು ಗುಂಪು. ಆ ವರ್ಷದ ಡಿಸೆಂಬರ್ 31ಕ್ಕೆ ನಿಮಗೆ ಎಷ್ಟು ತುಂಬುತ್ತದೋ ಅದೇ ನಿಮ್ಮ ವಯಸ್ಸು. ನನ್ನ ಹುಟ್ಟುಹಬ್ಬಕ್ಕೆ ಇನ್ನೂ ಆರು ದಿನ ಇದೆ, ಆದರೂ ಇವತ್ತು ನನ್ನನ್ನು 47 ಮಾಡಿ ಕೂರಿಸಿದ್ದರು. ಇದೊಂದು ಲೋಕದಲ್ಲಿ ಮಾತ್ರ ಜನ 50 ಯಾವಾಗ ತುಂಬುತ್ತೋ ಅಂತ ಕಾಯುತ್ತಾರೆ. ಹೊಸ ಗುಂಪಿಗೆ ಹೋದರೆ ಅಲ್ಲಿ ನಾವೇ ಚಿಕ್ಕವರು ಅಲ್ವಾ!

ಶುರುವಾದದ್ದು ಮಾರ್ಚ್‌ನಲ್ಲಿ. ಬಿಪಿ ಸ್ವಲ್ಪ ಜಾಸ್ತಿ ಇದೆ, ಏನಾದರೂ ವ್ಯಾಯಾಮ ಮಾಡಿ ಅಂತ ಡಾಕ್ಟರ್ ಹೇಳಿದರು. ವಾಕಿಂಗ್ ನನಗೆ ಆಗದು. ಬೆಳಗಿನ ಲೇಡೀಸ್ ಬ್ಯಾಚ್‌ಗೆ ಸೇರಿದೆ. ಮೊದಲ ದಿನ ಗತ್ತಿನಿಂದಲೇ ಇಳಿದೆ. ಹುಡುಗಿಯಾಗಿದ್ದಾಗ ಸರಸ್ವತಿಪುರಂನ ವಿಶ್ವವಿದ್ಯಾಲಯದ ಕೊಳದಲ್ಲಿ ಬೆಳಿಗ್ಗೆ ಸಂಜೆ ಲೆಕ್ಕವಿಲ್ಲದಷ್ಟು ಈಜಿದವಳು ನಾನು. 25 ಮೀಟರ್‌ನ ಮೂರು ಲ್ಯಾಪ್ ಆಗುವಷ್ಟರಲ್ಲಿ ಕಂಬಿ ಹಿಡಿದು ನೇತಾಡುತ್ತಿದ್ದೆ. ಕೈ ಸೋತಿರಲಿಲ್ಲ, ಕಾಲು ಸೋತಿರಲಿಲ್ಲ. ಉಸಿರೇ ಇರಲಿಲ್ಲ. ಪಕ್ಕದ ಲೇನ್‌ನಲ್ಲಿ ಒಬ್ಬರು ರಿಟೈರ್ಡ್ ಟೀಚರ್, 63 ವರ್ಷ, ಆರಾಮಾಗಿ ಹೋಗಿ ಬರುತ್ತಿದ್ದರು. "ಹೊಸಬರಾ? ನಿಧಾನಕ್ಕೆ ಕಲಿತೀರ ಬಿಡಿ" ಅಂದರು. ನಾನು ಸ್ಟೇಟ್ ಲೆವೆಲ್ ಅಂತ ಹೇಳೋಣ ಅನ್ನಿಸಿತು. ಹೇಳುವಷ್ಟು ಉಸಿರೂ ಇರಲಿಲ್ಲ.

ಒಂದು ವಿಚಿತ್ರ ಅಂದರೆ ದೇಹಕ್ಕೆ ಎಲ್ಲ ನೆನಪಿರುತ್ತದೆ. ಬೇಡವಾದದ್ದೂ. ಕೈ ಎಳೆಯುವ ಲಯ ಒಂದೇ ವಾರಕ್ಕೆ ಬಂತು. ಜೊತೆಗೆ ಹಳೆ ತಪ್ಪುಗಳೂ ಬಂದವು. ನಾನು ಒದೆಯುವಾಗ ಮಂಡಿಗಳನ್ನು ಸಿಕ್ಕಾಪಟ್ಟೆ ಅಗಲ ಮಾಡುತ್ತೇನೆ. ಹದಿನೇಳರ ಮಂಡಿ ಅದನ್ನು ಸಹಿಸಿಕೊಂಡಿತ್ತು. ನಲವತ್ತಾರರದ್ದು ಜೂನ್‌ನಲ್ಲೇ ಕೈಕೊಟ್ಟಿತು. ನೋವು ಮಂಡಿಯ ಒಳಬದಿಯಲ್ಲಿ. ಬ್ರೆಸ್ಟ್‌ಸ್ಟ್ರೋಕ್‌ನವರಿಗೆ ಇದು ಮಾಮೂಲಿ ಕಾಯಿಲೆ, ಪ್ರತಿ ಒದೆತಕ್ಕೂ ಒಳಗಿನ ಲಿಗಮೆಂಟ್ ಎಳೆಯುತ್ತದೆ ಅಂದರು ಫಿಸಿಯೋ. ಮೂರು ವಾರ ಒದೆಯೋದೇ ಬಂದ್. ಕಾಲಿನ ನಡುವೆ ಪುಲ್ ಬಾಯ್ ಅನ್ನೋ ತೇಲುವ ಫೋಮ್ ತುಂಡು ಸಿಕ್ಕಿಸಿಕೊಂಡು ಬರೀ ಕೈಯಲ್ಲಿ ಈಜಿದೆ.

ಆ ಮೂರು ವಾರ ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಮುದುಕ ಮುದುಕಿಯರ ಈಜಿನ ಸುದ್ದಿ ಓದೋದೇ ಕೆಲಸ. ಜಪಾನಿನ ಮಿಯೆಕೊ ನಾಗಾವೊಕಾ ಅನ್ನೋರು ಸಿಕ್ಕಿದರು. 80ರ ಆಸುಪಾಸಿನಲ್ಲಿ ಮಂಡಿ ನೋವಿಗೆ ಅಂತ ನೀರಿಗೆ ಇಳಿದ ಅಜ್ಜಿ. 2015ರಲ್ಲಿ, ನೂರನೇ ವಯಸ್ಸಿನಲ್ಲಿ, 1500 ಮೀಟರ್ ಈಜಿ ಮುಗಿಸಿದರು. ಸುಮಾರು ಒಂದೂಕಾಲು ಗಂಟೆ, ಪೂರ್ತಿ ಅಂಗಾತ ಮಲಗಿಯೇ. ಅವರ ಮಂಡಿ ನೀರಿನಿಂದ ಸರಿಹೋಯಿತು. ನನ್ನದು ನೀರಿನಿಂದಲೇ ಕೆಟ್ಟಿತು. ಇರಲಿ.

ಈಗ 1996ರ ವಿಷಯ. ಇದನ್ನು ಬರೆಯದೆ ಇವತ್ತಿನದ್ದು ಅರ್ಥ ಆಗಲ್ಲ.

ಆಗ ನನಗೆ 17. ರಾಜ್ಯ ಮಟ್ಟದ ಒಂದು ಸ್ಪರ್ಧೆ. ಇದೇ 100 ಬ್ರೆಸ್ಟ್‌ಸ್ಟ್ರೋಕ್. 1 ನಿಮಿಷ 24 ಸೆಕೆಂಡ್, ನನ್ನ ಜೀವಮಾನದ ಒಳ್ಳೆ ಟೈಮ್. ಗೋಡೆ ಮುಟ್ಟಿ ತಿರುಗಿ ನೋಡಿದರೆ ತಿರುವಿನ ಜಡ್ಜ್ ಕೈ ಮೇಲೆತ್ತಿ ನಿಂತಿದ್ದರು. ಡಿಸ್‌ಕ್ವಾಲಿಫೈ. ಕಾರಣ, ತಿರುವಿನಲ್ಲಿ ಡಾಲ್ಫಿನ್ ಕಿಕ್.

ಈಜು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಗೋಡೆ ಒದ್ದು ಹೊರಟ ಮೇಲೆ ನೀರಿನ ಒಳಗೇ ಒಂದು ಸಲ ಕೈಯನ್ನು ತೊಡೆಯವರೆಗೆ ಎಳೆಯಬಹುದು, ಒಂದು ಸಲ ಕಪ್ಪೆಯ ಹಾಗೆ ಒದೆಯಬಹುದು. ಆಮೇಲೆ ತಲೆ ಮೇಲೆ ಬರಬೇಕು. ಎರಡೂ ಕಾಲು ಜೋಡಿಸಿ ಮೀನಿನ ಬಾಲದ ಹಾಗೆ ಬೀಸಿದರೆ ಅದೇ ಡಾಲ್ಫಿನ್ ಕಿಕ್, ಬಟರ್‌ಫ್ಲೈ ಈಜಿನ ಒದೆತ. ಆಗಿನ ನಿಯಮದಲ್ಲಿ ಅದು ತಪ್ಪು.

ನಾನು ಒದ್ದೇ ಇಲ್ಲ ಅಂತ ಅತ್ತೆ. ಅಪ್ಪ ಗ್ಯಾಲರಿಯಿಂದ ಇಳಿದು ಬಂದು ಅರ್ಧ ಗಂಟೆ ಜಗಳ ಆಡಿದರು. ಏನೂ ಆಗಲಿಲ್ಲ. ಆಮೇಲೆ ಪಿಯುಸಿ, ಸಿಇಟಿ. ಕೊಳದ ಕಡೆ ಹೋಗಲಿಲ್ಲ. ಇಷ್ಟು ವರ್ಷ ಯಾರು ಕೇಳಿದರೂ ನನ್ನದು ಒಂದೇ ಉತ್ತರ. ಅನ್ಯಾಯವಾಗಿ ತೆಗೆದುಹಾಕಿದರು, ಅದಕ್ಕೇ ಬಿಟ್ಟೆ. ಗಂಡನಿಗೆ ಹೇಳಿದ್ದೇನೆ, ಮಕ್ಕಳಿಗೆ ಹೇಳಿದ್ದೇನೆ, ಆಫೀಸಿನ ಊಟದ ಟೇಬಲ್‌ನಲ್ಲಿ ಹೇಳಿದ್ದೇನೆ. ಸಿಡ್ನಿ ಒಲಿಂಪಿಕ್ಸ್‌ನಲ್ಲಿ ನಮ್ಮ ನಿಶಾ ಮಿಲೆಟ್ 200 ಮೀಟರ್ ಫ್ರೀಸ್ಟೈಲ್ ಈಜಿದ ಸುದ್ದಿಯನ್ನು ಹಾಸ್ಟೆಲ್‌ನಲ್ಲಿ ಓದುವಾಗಲೂ ಪಕ್ಕದವಳಿಗೆ ಇದನ್ನೇ ಹೇಳಿದ್ದೆ. ಅವರು ಎಲ್ಲಿ, ನಾನು ಎಲ್ಲಿ! ಆದರೂ ಹೇಳಿದ್ದೆ. ಕಳೆದ ವರ್ಷ ಪ್ಯಾರಿಸ್‌ನಲ್ಲಿ ಬೆಂಗಳೂರಿನದೇ 14 ವರ್ಷದ ಧಿನಿಧಿ ದೇಸಿಂಗು ಅದೇ 200 ಫ್ರೀಸ್ಟೈಲ್ ಈಜಿದಾಗ ಮಗಳಿಗೆ ಮತ್ತೆ ಶುರು ಮಾಡಿದೆ. "ಅಮ್ಮಾ, ಗೊತ್ತು, ಜಡ್ಜ್ ಕೈ ಎತ್ತಿದ್ರು" ಅಂತ ಅವಳೇ ಮುಗಿಸಿದಳು.

ಆಗಸ್ಟ್‌ನಲ್ಲಿ ಕೋಚ್ ಹುಡುಗ ಫೋನನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ನೀರೊಳಗೆ ನನ್ನ ತಿರುವಿನ ವಿಡಿಯೋ ಮಾಡಿದ. ಅವನಿಗೆ 26 ವರ್ಷ. ಮೊದಲು ಮೇಡಂ ಅನ್ನುತ್ತಿದ್ದ, ಈಗ ಅಕ್ಕ.

"ಅಕ್ಕ, ಡಾಲ್ಫಿನ್ ಕಿಕ್ ಚೆನ್ನಾಗೇ ಹಾಕ್ತೀರಲ್ಲ. ಯಾರು ಹೇಳ್ಕೊಟ್ಟಿದ್ದು?"

"ನಾನೆಲ್ಲಿ ಹಾಕಿದೆ?"

ತೋರಿಸಿದ. ಗೋಡೆ ಬಿಟ್ಟು ಕೈ ಎಳೆಯುತ್ತಿದ್ದ ಹಾಗೆ ನನ್ನ ಸೊಂಟ ಮೇಲೇಳುತ್ತದೆ, ಎರಡೂ ಕಾಲು ಜೊತೆಯಾಗಿ ಕೆಳಕ್ಕೆ ಬೀಸುತ್ತವೆ. ಅಚ್ಚುಕಟ್ಟಾದ ಡಾಲ್ಫಿನ್. ಇನ್ನೊಂದು ವಿಡಿಯೋ. ಅದರಲ್ಲೂ ಇತ್ತು. ಐದು ತಿರುವು, ಐದರಲ್ಲೂ ಇತ್ತು. ನನಗೆ ಒಂದೂ ಗೊತ್ತಾಗಿರಲಿಲ್ಲ.

ಮೈಯೆಲ್ಲ ತಣ್ಣಗಾಯಿತು. ತಪ್ಪಲ್ವಾ ಇದು ಅಂತ ಕೇಳಿದೆ. ಅವನಿಗೆ ನಗು. "ಯಾವ ಕಾಲದ ರೂಲ್ ಅಕ್ಕ ನಿಮ್ದು?"

ನಿಯಮ ಬದಲಾಗಿ 20 ವರ್ಷ ಆಗಿತ್ತಂತೆ! 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಕೊಸುಕೆ ಕಿಟಾಜಿಮಾ 100 ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಚಿನ್ನ ಗೆದ್ದಾಗ, ಅವನು ನೀರೊಳಗೆ ಡಾಲ್ಫಿನ್ ಒದೆತ ಹಾಕಿದ್ದಾನೆ ಅಂತ ಅಮೆರಿಕದವರು ಗಲಾಟೆ ಎಬ್ಬಿಸಿದರು. ಅವನ ಪದಕಕ್ಕೆ ಏನೂ ಆಗಲಿಲ್ಲ. ಮುಂದಿನ ವರ್ಷ, 2005ರಲ್ಲಿ, ಡೈವ್ ಆದ ಮೇಲೆ ಮತ್ತು ಪ್ರತಿ ತಿರುವಿನಲ್ಲಿ ಒಂದು ಡಾಲ್ಫಿನ್ ಒದೆತಕ್ಕೆ ಅನುಮತಿ ಬಂತು. ಒಂದೇ. ಎರಡಾದರೆ ಮತ್ತೆ ಡಿಸ್‌ಕ್ವಾಲಿಫೈ. ಇನ್ನೊಂದು ತಮಾಷೆ ಅಂದರೆ ಮಾಸ್ಟರ್ಸ್‌ನಲ್ಲಿ ಬಟರ್‌ಫ್ಲೈಗೆ ಕಪ್ಪೆ ಒದೆತ ಹಾಕಿದರೂ ನಡೆಯುತ್ತದೆ. ಆಗ ಇವೆಲ್ಲ ಪ್ರಾಣ ಹೋಗುವಂಥ ವಿಷಯಗಳು.

ಅವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿ, ಆ ಜಡ್ಜ್ ಹೇಳಿದ್ದು ಸರಿ ಇತ್ತೇನೋ ಅಂದೆ. ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದರು, ಪಟಪಟ ಸದ್ದು ಕೇಳುತ್ತಿತ್ತು.

"ಸರೀನೇ ಇತ್ತು ಕಣೇ. ನಿಮ್ಮಪ್ಪನೇ ನೋಡಿದ್ರಂತೆ. ಬಸ್ಸಲ್ಲಿ ಬರ್ತಾ ನಂಗೆ ಹೇಳಿದ್ರು."

"ಮತ್ತೆ ಅಷ್ಟು ಜಗಳ ಆಡಿದ್ರು?"

"ನೀನು ಅಳ್ತಿದ್ಯಲ್ಲ" ಅಂದರು. ಆಮೇಲೆ ಹುರುಳಿಕಾಯಿ ಕೇಜಿಗೆ ಎಷ್ಟಾಗಿದೆ ಅಂತ ಹೇಳಲು ಶುರು ಮಾಡಿದರು. ಅಪ್ಪ ಹೋಗಿ ಎಂಟು ವರ್ಷ ಆಯಿತು.

ಅಲ್ಲಿಂದ ನನಗೆ ಹೊಸ ತಲೆನೋವು. ಗೊತ್ತಿಲ್ಲದೆ ಬರುತ್ತಿದ್ದ ಒದೆತ, ಗೊತ್ತಾದ ಮೇಲೆ ಬರಲೇ ಇಲ್ಲ. ಗೋಡೆ ಒದ್ದ ಕೂಡಲೇ ಕಾಲು ಕೋಲಿನ ಹಾಗೆ ನೆಟ್ಟಗಾಗುತ್ತಿತ್ತು. ಬೇಕು ಅಂತ ಹಾಕಿದರೆ ಎರಡು ಬೀಳುತ್ತಿತ್ತು. ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ ಇದೇ. ದಸರಾ ಜನಜಂಗುಳಿಯಲ್ಲಿ ಊರು ಮುಳುಗಿದ್ದಾಗ ನಾನು ಕೊಳದ ಗೋಡೆಯ ಹತ್ತಿರ ಎಳಿ, ಬೀಸು, ಒದೆ ಅಂತ ಹೇಳಿಕೊಳ್ಳುತ್ತಾ ಹತ್ತತ್ತು ಸಲ ಹೊರಟು ವಾಪಸ್ ಬರುತ್ತಿದ್ದೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 1200 ಮೀಟರ್. ಬ್ಯಾಂಕಿಗೆ ಒದ್ದೆ ಕೂದಲಲ್ಲೇ ಹೋಗೋದು. "ಕೂದಲು ಕೆಂಚಗಾಗತ್ತೆ, ಕಪ್ಪಾಗ್ತೀಯ, ಆಮೇಲೆ ಯಾರು ಮದುವೆ ಆಗ್ತಾರೆ" ಅಂತ ಅಮ್ಮ ಹುಡುಗಿಯಾಗಿದ್ದಾಗ ಬೈಯುತ್ತಿದ್ದರು. ಈಗ ಆ ಕೊನೆಯ ಮಾತು ಬಿಟ್ಟು ಉಳಿದದ್ದೆಲ್ಲ ಹಾಗೇ ಹೇಳುತ್ತಾರೆ.

ಇವತ್ತು ಬೆಳಗಿನ ಜಾವದ ಬಸ್ ಹಿಡಿದು ಹೋದೆ. 50 ಮೀಟರ್ ಕೊಳ. ದಡದಲ್ಲಿ ನಿಂತು ನೋಡಿದರೆ ಆಚೆ ಗೋಡೆ ಮಂಡ್ಯದಲ್ಲಿದೆಯೇನೋ ಅನ್ನಿಸಿತು. ವಾರ್ಮ್‌ಅಪ್ ಲೇನ್‌ನಲ್ಲಿ ಮಾರ್ಕೆಟ್ ಥರ ರಷ್. ಯಾರದೋ ಹಿಮ್ಮಡಿ ನನ್ನ ಮೂಗಿಗೆ ಬಿತ್ತು.

ನನ್ನ ಸರದಿಗೆ ಮೊದಲು ಗಂಡಸರ 80 ದಾಟಿದವರ ಗುಂಪು. ಒಬ್ಬರು ತಾತ ಕೋಲು ಊರಿಕೊಂಡು ಬಂದರು. ಕೋಲನ್ನು ಮೊಮ್ಮಗನ ಕೈಗೆ ಕೊಟ್ಟು, ಏಣಿ ಇಳಿದು, ನೀರಲ್ಲೇ ಗೋಡೆ ಹಿಡಿದು ನಿಂತರು. ಮಾಸ್ಟರ್ಸ್‌ನಲ್ಲಿ ಹಾಗೆ ಶುರು ಮಾಡಬಹುದು, ಡೈವ್ ಹೊಡೆಯುವ ಕಟ್ಟೆ, ಅಂದರೆ ಬ್ಲಾಕ್, ಹತ್ತಲೇಬೇಕು ಅಂತಿಲ್ಲ. ನಾನೂ ನೀರಿಂದಲೇ ಹೊರಡೋಣ ಅಂದುಕೊಂಡಿದ್ದೆ. ಡೈವ್ ಹೊಡೆದರೆ ಗಾಗಲ್ಸ್‌ಗೆ ನೀರು ನುಗ್ಗುತ್ತದೆ ಅಂತ ಭಯ. ತಾತನನ್ನು ನೋಡಿ ನಾಚಿಕೆಯಾಗಿ ಬ್ಲಾಕ್ ಹತ್ತಿದೆ. ಧೈರ್ಯ ಏನಲ್ಲ. ಬರೀ ಜಂಬ.

ಉದ್ದ ಸೀಟಿ. ಟೇಕ್ ಯುವರ್ ಮಾರ್ಕ್ಸ್. ಪೀಂ.

ಗಾಗಲ್ಸ್‌ಗೆ ನೀರು ನುಗ್ಗಿತು. ಎಡಗಣ್ಣು ಪೂರ್ತಿ. ಡೈವ್ ಆದ ಮೇಲಿನ ಡಾಲ್ಫಿನ್ ಮರೆತೇ ಹೋಯಿತು. ಸೀದಾ ಮೇಲೆ ಬಂದು ಹುಚ್ಚಿಯ ಹಾಗೆ ಹೊಡೆದೆ. ಪಕ್ಕದ ಲೇನ್‌ನವರು ಮುಂದೆ ಹೋದರು ಅಂತ ಅವರ ಹಿಂದೆ ಬಿದ್ದೆ. ಮೊದಲ 50ಕ್ಕೇ ಪ್ರಾಣ ಅರ್ಧ ಹೋಗಿತ್ತು. ಗೋಡೆ ಹತ್ತಿರ ಬರುವಾಗ ಒಂದು ಕಣ್ಣಲ್ಲಿ ಜಡ್ಜ್‌ಳ ಬಿಳಿ ಶೂ ಕಂಡಿತು. ಎರಡೂ ಕೈ ಒಟ್ಟಿಗೆ ಮುಟ್ಟಿದೆ. ತಿರುಗಿದೆ. ಒದ್ದೆ. ನೀರೊಳಗೆ ಕೈ ಎಳೆದೆ. ಕಾಲು ತನ್ನಷ್ಟಕ್ಕೆ ಬೀಸಿತು. ಈ ಸಲ ನನಗೆ ಗೊತ್ತಾಯಿತು. ಒಂದೇ.

ಆಮೇಲಿನ 50 ಮೀಟರ್ ಬಗ್ಗೆ ಬರೆಯೋದು ಬೇಡ. ತೊಡೆ ಕಲ್ಲಾಗಿತ್ತು. ಜಾರುವುದು ಅನ್ನೋದೇ ಇಲ್ಲ, ಬರೀ ಏಳೋದು, ಮುಳುಗೋದು. ಮುಟ್ಟಿದ ಮೇಲೆ ಗಡಿಯಾರ ನೋಡಲಿಲ್ಲ. ತಿರುಗಿ ಆ ತುದಿಯ ಜಡ್ಜ್ ಹುಡುಗಿಯನ್ನು ನೋಡಿದೆ. ಅವಳು ಕೈ ಎತ್ತಿದಳು. ಎದೆ ಧಸಕ್ಕೆಂದಿತು. ಬಿಸಿಲು ಹೊಡೆಯುತ್ತಿತ್ತು, ಟೋಪಿ ಸರಿಮಾಡಿಕೊಂಡಳು ಅಷ್ಟೇ.

1 ನಿಮಿಷ 53.4 ಸೆಕೆಂಡ್. ಮೊದಲ ಅರ್ಧ 51, ಎರಡನೆಯದು 1 ನಿಮಿಷ 2. ಇಂಥ ಲೆಕ್ಕ ಯಾರಾದರೂ ಸಾಲಕ್ಕೆ ಅರ್ಜಿ ಹಾಕಿದವರು ತಂದರೆ ನಾನು ವಾಪಸ್ ಕಳಿಸುತ್ತೇನೆ. ಮೊದಲ 50ನ್ನು 54ರಲ್ಲಿ ಈಜಿದ್ದರೆ 1.50ರ ಒಳಗೆ ಬರುತ್ತಿದ್ದೆನೇನೋ. ಎರಡನೇ ಸ್ಥಾನದವರು 1.51. ಅವರು ಮುಂದಿನ ವರ್ಷ 50ರ ಗುಂಪಿಗೆ ಹೋಗುತ್ತಾರಂತೆ. ಸಂತೋಷವಾಗಿಯೇ ಬೀಳ್ಕೊಟ್ಟೆ.

ವಾಪಸ್ ಬರೋದಕ್ಕೆ ರೈಲು. ಬೇಕು ಅಂತಲೇ. ಹೊಸ ಹೆದ್ದಾರಿಯ ಬಸ್ಸಿನಲ್ಲಿ ಮದ್ದೂರು ವಡೆ ಸಿಗಲ್ಲ. ಮೂರು ತಿಂದೆ. ಈಜಿದ ಮೇಲಿನ ಹಸಿವು ಮಾತ್ರ 17ರದ್ದು ಹಾಗೇ ಇದೆ. ಪದಕವನ್ನು ಬ್ಯಾಗ್‌ನಿಂದ ತೆಗೆದು ಎರಡು ಸಲ ನೋಡಿದೆ. ಎದುರಿನ ಸೀಟಿನ ಹೆಂಗಸು "ಮಗಳದ್ದಾ?" ಅಂದರು. ಹೌದು ಅಂದುಬಿಟ್ಟೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ವಡೆ ಬಾಯಲ್ಲಿತ್ತು.

ಐಸ್ ಎಲ್ಲ ಕರಗಿ ಟವೆಲ್ ಸೋರುತ್ತಿದೆ. ನಾಳೆ ಸೋಮವಾರ, ಕೊಳಕ್ಕೆ ರಜೆ. ಪುಣ್ಯಕ್ಕೆ.