ಬಿಆರ್‌ಟಿಎಸ್: ಪಥ ನೋಡಿ ಬಂದವರು ನಿಲ್ದಾಣ ಅಳೆದು ಬರಬೇಕಿತ್ತು

ಬಿಆರ್‌ಟಿಎಸ್ ಅಂದರೆ ಬಸ್ಸಿಗೇ ಮೀಸಲಾದ ಪಥದಲ್ಲಿ ಓಡುವ ತ್ವರಿತ ಬಸ್ ಸಾರಿಗೆ. ಅಹಮದಾಬಾದಿನ ಅಂಥ ಸೇವೆ ಜನಮಾರ್ಗ್ ಶುರುವಾದದ್ದು 2009ರ ಅಕ್ಟೋಬರಿನಲ್ಲಿ. ಮೊದಲ ಹಂತ 12.5 ಕಿ.ಮೀ. ಮರುವರ್ಷವೇ ಆ ನಗರಕ್ಕೆ ಅಂತರರಾಷ್ಟ್ರೀಯ ಸುಸ್ಥಿರ ಸಾರಿಗೆ ಪ್ರಶಸ್ತಿ ಬಂತು. ಅಂಥ ಯೋಜನೆಯನ್ನು ನೋಡಲು ಹೋದವರು ತೆಗೆದು ತರುವ ಫೋಟೊಗಳಲ್ಲಿ ಬಹುಪಾಲು ಇರುವುದು ರಸ್ತೆ ನಡುವಿನ ಖಾಲಿ ಬಸ್ ಪಥ, ಅದರ ಮೇಲೊಂದು ಬಸ್ಸು. ಆ ಪಥವನ್ನು ಯಾರಾದರೂ ಹಾಕಬಹುದು. ಟೇಪು ಹಿಡಿದು ಅಳೆಯಬೇಕಾದದ್ದು ನಿಲ್ದಾಣವನ್ನು.

ಸರಳ ಲೆಕ್ಕ ನೋಡೋಣ. ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್ ಕಾರಿಡಾರಿನ ಉದ್ದ ಸುಮಾರು 22 ಕಿ.ಮೀ. ಎಲ್ಲೂ ನಿಲ್ಲದೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋದರೆ 26 ನಿಮಿಷ, 60ರಲ್ಲಿ ಹೋದರೆ 22 ನಿಮಿಷ. ಅಷ್ಟೆಲ್ಲ ವೇಗ ಏರಿಸಿ, ಅಪಾಯವನ್ನೂ ಏರಿಸಿಕೊಂಡು ಉಳಿದದ್ದು ನಾಲ್ಕು ನಿಮಿಷ. ಅದೇ 30 ನಿಲ್ದಾಣಗಳಲ್ಲಿ ಒಂದೊಂದು ಕಡೆ 20 ಸೆಕೆಂಡು ಉಳಿಸಿದರೆ ಹತ್ತು ನಿಮಿಷ ಕೈಗೆ ಬರುತ್ತದೆ. ಅಪಘಾತದ ಭಯವೂ ಇಲ್ಲ, ಡೀಸೆಲ್ಲೂ ಉಳಿತಾಯ.

ಆ 20 ಸೆಕೆಂಡು ಎಲ್ಲಿಂದ ಬರುತ್ತದೆ? ನಮ್ಮ ಮಾಮೂಲಿ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರು ಒಳಗೇ ಓಡಾಡಿ ಟಿಕೆಟ್ ಕೊಡುವುದರಿಂದ ಬಾಗಿಲ ಬಳಿ ಟಿಕೆಟಿಗಾಗಿ ತಡವಾಗುವುದಿಲ್ಲ, ನಿಜ. ಆದರೆ ರಶ್ ಇದ್ದಾಗ ಸ್ಟೇಜ್ ದಾಟುವ ಮುನ್ನ ಟಿಕೆಟ್ ಮುಗಿಸಲೆಂದು ಬಸ್ಸನ್ನು ಬದಿಗೆ ನಿಲ್ಲಿಸಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಅದಕ್ಕಿಂತ ದೊಡ್ಡ ತಡ ಮೆಟ್ಟಿಲಿನದು. ಚೀಲ, ಮಗು, ಸೀರೆಯ ನೆರಿಗೆ ಎಲ್ಲ ಸಂಭಾಳಿಸಿಕೊಂಡು ಮೆಟ್ಟಿಲು ಹತ್ತಲು ಒಬ್ಬರಿಗೆ ಎರಡು ಸೆಕೆಂಡಾದರೂ ಬೇಕು. ಇಪ್ಪತ್ತು ಜನಕ್ಕೆ 40 ಸೆಕೆಂಡು. ಬಾಗಿಲು ತೆರೆದು ಮುಚ್ಚಿ, ಬಸ್ಸು ಜಾಗ ಬಿಡಲು ಇನ್ನೊಂದು 10. ಒಟ್ಟು 50. ಟಿಕೆಟ್ ಹೊರಗೇ ಆಗಿ, ಬಸ್ಸಿನ ನೆಲವೂ ಪ್ಲಾಟ್‌ಫಾರ್ಮೂ ಒಂದೇ ಮಟ್ಟದಲ್ಲಿದ್ದು, ಬಾಗಿಲು ಅಗಲವಾಗಿದ್ದರೆ ಅದೇ ಇಪ್ಪತ್ತು ಜನ 15 ಸೆಕೆಂಡಿನಲ್ಲಿ ಒಳಗಿರುತ್ತಾರೆ. ಒಟ್ಟು 25.

ಈ ವ್ಯತ್ಯಾಸ ಪ್ರಯಾಣಿಕನ ಸಮಯಕ್ಕಷ್ಟೇ ಸಂಬಂಧಿಸಿದ್ದಲ್ಲ. ಬಸ್ಸುಗಳು ಗಡಿಯಾರ ನೋಡಿಕೊಂಡು ಸಾಲಾಗಿ ಬರುವುದಿಲ್ಲ. ಒಮ್ಮೆ ಮೂರು ಒಟ್ಟಿಗೆ, ಆಮೇಲೆ ಹತ್ತು ನಿಮಿಷ ಒಂದೂ ಇಲ್ಲ. ಹೀಗಾಗಿ ಒಂದು ಬೇ (ನಿಲ್ದಾಣದಲ್ಲಿ ಒಂದು ಬಸ್ಸು ನಿಲ್ಲುವ ಜಾಗ) ಗಂಟೆಯ ಶೇ. 40ರಷ್ಟು ಹೊತ್ತು ಮಾತ್ರ ತುಂಬಿರಲಿ ಎಂದು ಲೆಕ್ಕ ಹಾಕುವುದು ವಾಡಿಕೆ. 3600ರ ಶೇ. 40, ಅಂದರೆ 1440 ಸೆಕೆಂಡು. ಅದನ್ನು 50ರಿಂದ ಭಾಗಿಸಿದರೆ ಗಂಟೆಗೆ 29 ಬಸ್ಸು. 25ರಿಂದ ಭಾಗಿಸಿದರೆ 58. ಅದೇ ಕಾಂಕ್ರೀಟು, ಅದೇ ಜಾಗ, ದುಪ್ಪಟ್ಟು ಬಸ್ಸು. ಇನ್ನು ಎಕ್ಸ್‌ಪ್ರೆಸ್ ಬಸ್ಸು ಓಡಿಸುವುದಾದರೆ ನಿಲ್ದಾಣದ ಮುಂದೆ ಓವರ್‌ಟೇಕ್ ಪಥ ಇರಲೇಬೇಕು. ಹುಬ್ಬಳ್ಳಿ–ಧಾರವಾಡದಲ್ಲಿ ಅದಿದೆ, ಅಲ್ಲಿನ ಬಿಆರ್‌ಟಿಎಸ್ ಬಸ್ಸಾದ ‘ಚಿಗರಿ’ಯ ಎಕ್ಸ್‌ಪ್ರೆಸ್ ಸೇವೆ ನಡೆಯುತ್ತಿರುವುದೇ ಅದರಿಂದ. ಜಾಗವಿಲ್ಲವೆಂದು ಆ ಪಥ ಕೈಬಿಟ್ಟ ಊರುಗಳಲ್ಲಿ ಎಕ್ಸ್‌ಪ್ರೆಸ್ ಎಂಬುದು ಬೋರ್ಡಿನ ಮೇಲಿನ ಬರಹ ಮಾತ್ರ.

ಈಗ ಡಾಕಿಂಗ್‌ಗೆ ಬರೋಣ. ಅಂದರೆ ಬಸ್ಸನ್ನು ಪ್ಲಾಟ್‌ಫಾರ್ಮಿಗೆ ಒತ್ತಿ ನಿಲ್ಲಿಸುವುದು. ಕಾಗದದ ಮೇಲೆ ಅತಿ ಸುಲಭ, ಜಾಗದಲ್ಲಿ ಅತಿ ಕಷ್ಟ. ಎತ್ತರದ ನೆಲದ ಬಸ್ಸಿಗೆ ನಮ್ಮ ದೇಶದಲ್ಲಿ ಹಿಡಿದ ಅಳತೆ 900 ಮಿ.ಮೀ. ಪ್ಲಾಟ್‌ಫಾರ್ಮೂ ಅಷ್ಟೇ ಇರಬೇಕು. ಅಡ್ಡದ ಅಂತರ 100 ಮಿ.ಮೀ. ಒಳಗಿದ್ದರೆ ಯಾರೂ ಕಾಲ ಕೆಳಗೆ ನೋಡಿಕೊಳ್ಳುವುದಿಲ್ಲ. 150 ದಾಟಿದರೆ ಜನ ನಿಂತು, ನೋಡಿ, ಹೆಜ್ಜೆ ಇಡುತ್ತಾರೆ. ಉಳಿಸಿದ ಸೆಕೆಂಡು ಅಲ್ಲೇ ಸೋರಿಹೋಗುತ್ತದೆ. 200 ಆದರೆ ಮಗುವಿನ ಕಾಲು ಸಿಕ್ಕಿಕೊಳ್ಳುವ ಅಪಾಯ.

ಅಂತರ ಹೆಚ್ಚಾದ ಕೂಡಲೇ ಡ್ರೈವರನ್ನು ಬೈಯುವುದು ರೂಢಿ. ಡ್ರೈವರು ದೂರ ನಿಲ್ಲಿಸುವುದು ಬಸ್ಸಿನ ಮೈಗೆ ಗೀಚು ಬಿದ್ದರೆ ತನ್ನ ತಲೆಗೆ ಬರುತ್ತದೆಂಬ ಭಯಕ್ಕೆ. ಪ್ಲಾಟ್‌ಫಾರ್ಮಿನ ಅಂಚಿಗೆ ರಬ್ಬರ್ ಬಂಪರ್ ಕೂರಿಸಿ, ಬುಡದಲ್ಲಿ ಟಯರಿನ ಪಕ್ಕೆ ಒರಸಿಕೊಂಡು ಹೋಗಲು ನಯವಾದ ಇಳಿಜಾರು ಮುಖದ ಕರ್ಬ್ (ಅಂಚುಕಲ್ಲು) ಕೊಟ್ಟರೆ ಅರ್ಧ ಭಯ ಹೋಗುತ್ತದೆ. ಇನ್ನರ್ಧ ವಿನ್ಯಾಸದ ತಪ್ಪು. ನಿಲ್ದಾಣವನ್ನು ತಿರುವಿನಲ್ಲಿ, ಅಥವಾ ತಿರುವು ಮುಗಿದ ಕೂಡಲೇ ಇಟ್ಟರೆ 12 ಮೀಟರಿನ ಬಸ್ಸಿನ ಮುಂದಿನ ಬಾಗಿಲು ತಾಗಿದರೂ ಹಿಂದಿನದು ತಾಗುವುದಿಲ್ಲ. ಪ್ಲಾಟ್‌ಫಾರ್ಮಿಗೆ ಮುನ್ನ ಎರಡು ಬಸ್ಸಿನುದ್ದ ನೇರ ದಾರಿ ಬೇಕು. ಎರಡು ಬೇ ನಡುವೆ ಎಷ್ಟು ಜಾಗ ಬಿಡಬೇಕೆಂಬುದಕ್ಕೆ ನಕ್ಷೆಗಿಂತ ಡಿಪೊ ಅಂಗಳ ಒಳ್ಳೆಯದು: ಸುಣ್ಣದಲ್ಲಿ ಗೆರೆ ಎಳೆದು, ಎರಡು ಬಸ್ಸು ತಂದು, ಮುಂದಿನದು ಹೋಗುವುದನ್ನು ಕಾಯದೆ ಹಿಂದಿನದು ಹೊರಬರುತ್ತದೆಯೇ ಎಂದು ಓಡಿಸಿ ನೋಡಬೇಕು. ಅರ್ಧ ದಿನದ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ಒಡೆಯುವ ಖರ್ಚಿಗೆ ಹೋಲಿಸಿದರೆ ಏನೇನೂ ಅಲ್ಲ.

ಬಸ್ಸು ಬ್ರೇಕ್ ಹಾಕಿ ನಿಲ್ಲುವ ಜಾಗದಲ್ಲಿ ಡಾಂಬರು ಬೇಡ. ದಿನಕ್ಕೆ ನೂರಾರು ಸಲ ಅದೇ ಗೆರೆಯ ಮೇಲೆ ಬ್ರೇಕ್ ಬಿದ್ದರೆ ಡಾಂಬರು ಮುಂದಕ್ಕೆ ಜರುಗಿ ಅಲೆ ಏಳುತ್ತದೆ, ಗಾಲಿಯ ಗೆರೆಯಲ್ಲಿ ತಗ್ಗು ಬೀಳುತ್ತದೆ. ತೊಟ್ಟಿಕ್ಕುವ ಡೀಸೆಲ್ಲು ಉಳಿದದ್ದನ್ನು ಮೆತ್ತಗೆ ಮಾಡುತ್ತದೆ. ತಗ್ಗಿಗೆ ಇಳಿದ ಬಸ್ಸಿನ ನೆಲ ಪ್ಲಾಟ್‌ಫಾರ್ಮಿಗಿಂತ ಕೆಳಗಾಗುತ್ತದೆ. ಹಾಗಾಗಿ ನಿಲ್ದಾಣದುದ್ದಕ್ಕೂ, ಎರಡೂ ತುದಿಗೆ ಇನ್ನಷ್ಟು ಮೀಟರ್ ಸೇರಿಸಿ ಕಾಂಕ್ರೀಟ್ ಹಾಸುವುದು ಒಳಿತು: 150 ಮಿ.ಮೀ. ಒಣ ಲೀನ್ (ಸಿಮೆಂಟ್ ಕಡಿಮೆ ಇರುವ) ಕಾಂಕ್ರೀಟು, ಅದರ ಮೇಲೆ 125 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಮೇಲೆ 250ರಿಂದ 300 ಮಿ.ಮೀ. ಎಂ-40 ದರ್ಜೆಯ ಗಟ್ಟಿ ಕಾಂಕ್ರೀಟು. 4.5 ಮೀಟರಿಗೊಂದು ಅಡ್ಡ ಜೋಡು, ಅಂದರೆ ಚಪ್ಪಡಿಗಳ ನಡುವಿನ ಸಂದು. ಜೋಡಿನಲ್ಲಿ 32 ಮಿ.ಮೀ. ನಯವಾದ ಡೊವೆಲ್ ಸರಳು (ಒಂದು ಚಪ್ಪಡಿಯ ಭಾರವನ್ನು ಪಕ್ಕದ್ದಕ್ಕೆ ದಾಟಿಸುವ ಕಬ್ಬಿಣ), 300 ಮಿ.ಮೀ.ಗೊಂದು. ಡೊವೆಲ್ ರಸ್ತೆಯ ದಿಕ್ಕಿಗೆ ಸಮಾನಾಂತರವಾಗಿಲ್ಲದೆ ಸೊಟ್ಟಗಿದ್ದರೆ ಜೋಡು ತೆರೆದುಕೊಳ್ಳದೆ ಕಚ್ಚಿಕೊಳ್ಳುತ್ತದೆ, ಬಿರುಕು ಪಕ್ಕದಲ್ಲಿ ಹುಟ್ಟುತ್ತದೆ. ಹುಬ್ಬಳ್ಳಿಯ ಬೇಸಿಗೆಯ ಬಿಸಿಲು, ಗಾಳಿಯಲ್ಲಿ ಕಾಂಕ್ರೀಟು ಬೇಗ ಬಿಗಿಯುತ್ತದೆ. ಜೋಡು ಕೊಯ್ಯುವ ಗರಗಸದವನು ‘ನಾಳೆ ಬೆಳಿಗ್ಗೆ ಬರ್ತೀನಿ’ ಅಂದರೆ ಬಿರುಕು ಅವನಿಗಿಂತ ಮೊದಲೇ ಬಂದಿರುತ್ತದೆ. ಅದೇ ರಾತ್ರಿ ಕೊಯ್ಯಬೇಕು, ಚಪ್ಪಡಿಯ ದಪ್ಪದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ.

ಕೆಳಗೆ ಎರೆ ಮಣ್ಣಿದ್ದರೆ ಇದೆಲ್ಲಕ್ಕೂ ಮುಂಚಿನ ಕೆಲಸ ಬೇರೆ ಇದೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅರ್ಧ ಮೀಟರಿಗಿಂತ ಹೆಚ್ಚು ಅಗೆದು ತೆಗೆದು ಒಳ್ಳೆಯ ಗರಸು ಹಾಕಿ, ಪದರ ಪದರವಾಗಿ ರೋಲರ್ ಓಡಿಸಬೇಕು. ನೀರಿನ ಪೈಪು, ವಿದ್ಯುತ್ ಮತ್ತು ಫೈಬರ್ ಕೇಬಲಿಗೆ ಅಡ್ಡ ಡಕ್ಟುಗಳನ್ನು ಆಗಲೇ ಹೂಳಬೇಕು, ಒಂದೆರಡು ಖಾಲಿಯಾಗಿ ಉಳಿಯುವಂತೆ.

ಜಂಕ್ಷನ್ನಿನಲ್ಲಿ ತೊಡಕು ಇನ್ನೊಂದು ಬಗೆಯದು. ನಡುವಿನ ಪಥದಲ್ಲಿ ಬಸ್ಸು ನೇರ ಹೋಗಬೇಕು. ಅದರ ಎಡಕ್ಕಿರುವ ಕಾರು, ಬೈಕು ಬಲಕ್ಕೆ ತಿರುಗಬೇಕು. ಎರಡೂ ಒಂದನ್ನೊಂದು ಕತ್ತರಿಸುತ್ತವೆ. ಬಲತಿರುವಿಗೆ ಬೇರೆ ಹಂತ, ಬಸ್ಸಿಗೆ ಬೇರೆ ಹಂತ ಎಂದು ಸೇರಿಸುತ್ತ ಹೋದಂತೆ ಸಿಗ್ನಲ್ ಸುತ್ತು (ಒಂದು ಹಸಿರಿನಿಂದ ಅದೇ ದಿಕ್ಕಿನ ಮುಂದಿನ ಹಸಿರಿನವರೆಗಿನ ಹೊತ್ತು) ಉದ್ದವಾಗುತ್ತದೆ. 120 ಸೆಕೆಂಡಿನ ಸುತ್ತಿನಲ್ಲಿ ಬಸ್ಸಿಗೆ 90 ಸೆಕೆಂಡು ಕೆಂಪು ಬಿದ್ದರೆ ಸರಾಸರಿ ಕಾಯುವಿಕೆ 34 ಸೆಕೆಂಡು. (ಕೆಂಪಿನ ಅವಧಿಯ ವರ್ಗವನ್ನು ಸುತ್ತಿನ ಎರಡರಷ್ಟರಿಂದ ಭಾಗಿಸಿದರೆ ಸಿಗುತ್ತದೆ.) ಬಲತಿರುವನ್ನು ನಿಷೇಧಿಸಿ, ಮುಂದೆ ಯು-ತಿರುವು ಕೊಟ್ಟು, 90ರ ಸುತ್ತಿನಲ್ಲಿ ಕೆಂಪನ್ನು 50ಕ್ಕೆ ಇಳಿಸಿದರೆ ಅದೇ ಕಾಯುವಿಕೆ 14 ಸೆಕೆಂಡಿಗೆ ಬರುತ್ತದೆ. ಯು-ತಿರುವಿಗೆ ಸುತ್ತಿ ಬರಬೇಕಾದವರ ಸಿಟ್ಟನ್ನು ತಡೆದುಕೊಳ್ಳುವುದು ಎಂಜಿನಿಯರಿನ ಕೈಯಲ್ಲಿಲ್ಲ, ಅಲ್ಲೇ ಬಹಳ ಯೋಜನೆಗಳು ಸಡಿಲಾಗುತ್ತವೆ. ದಿಲ್ಲಿಯ ಅಂಬೇಡ್ಕರ್ ನಗರ–ಮೂಲಚಂದ್ 5.8 ಕಿ.ಮೀ. ಕಾರಿಡಾರು 2008ರಲ್ಲಿ ಶುರುವಾಗಿ, 2016ರಲ್ಲಿ ಒಡೆಯಲ್ಪಟ್ಟಿತು. ಅಲ್ಲಿ ಸಿಗ್ನಲ್ ಸುತ್ತೂ ಉದ್ದ, ನಿಲ್ದಾಣಗಳೂ ಜಂಕ್ಷನ್ನಿಗೆ ಅಂಟಿಕೊಂಡಂತೆ. ಕೆಂಪಿಗೆ ನಿಂತ ಬಸ್ಸಿನ ಬಾಲ ನಿಲ್ದಾಣವನ್ನು ಮುಚ್ಚಿದರೆ ಹಿಂದಿನ ಬಸ್ಸಿನ ಬಾಗಿಲು ತೆರೆಯುವುದೆಲ್ಲಿ? ಜಂಕ್ಷನ್ನಿನಿಂದ ನಿಲ್ದಾಣಕ್ಕೆ ಕನಿಷ್ಠ 26 ಮೀಟರ್, ಸಾಧ್ಯವಾದರೆ 40 ಬಿಡಬೇಕು.

ನಿಲ್ದಾಣ ನಡುವಿದ್ದ ಮೇಲೆ ಪ್ರತಿ ಪ್ರಯಾಣಿಕನೂ ಅರ್ಧ ರಸ್ತೆ ದಾಟಲೇಬೇಕು. ಆರು ಮೀಟರ್ ಮೇಲಿನ ಪಾದಚಾರಿ ಸೇತುವೆ ಹತ್ತಿಸುವ ಆಸೆ ಬಿಡಿ, ಜನ ಗ್ರಿಲ್ ಹಾರಿ ಬರುತ್ತಾರೆ. ರಸ್ತೆಯನ್ನೇ 100–150 ಮಿ.ಮೀ. ಎತ್ತರಿಸಿದ ದಾಟುಪಟ್ಟಿ, ಪಾದಚಾರಿ ಸಿಗ್ನಲ್, ನಡುವೆ ನಿಲ್ಲಲು ಎರಡು ಮೀಟರ್ ಅಗಲದ ಜಾಗ ಸಾಕು.

ನೀರಿನದು ದೊಡ್ಡ ಕತೆ. 44 ಮೀಟರ್ ಅಗಲದ ರಸ್ತೆಗೆ ನಡುವೆ ಬೆನ್ನು ಕೊಟ್ಟು ಶೇ. 2.5 ಇಳಿಜಾರು ಹಾಕಿದರೆ ಅಂಚು 55 ಸೆಂ.ಮೀ. ಕೆಳಗೆ ಹೋಗುತ್ತದೆ. ಪಕ್ಕದ ಅಂಗಡಿಗಳ ಮೆಟ್ಟಿಲು ಅದಕ್ಕೆ ಒಪ್ಪುವುದಿಲ್ಲ. ಆದ್ದರಿಂದ ರಸ್ತೆಯ ಅಡ್ಡ ಇಳಿಜಾರನ್ನು ಎರಡು ಮೂರು ಮಡಿಕೆಯಾಗಿ ಮುರಿಯುತ್ತಾರೆ, ಆಗ ಬಸ್ ಪಥದ ನೀರು ಕರ್ಬಿನ ಗೋಡೆಗೆ ಬಂದು ನಿಲ್ಲುತ್ತದೆ. ಎಷ್ಟು ನೀರು? ಅರ್ಧ ರಸ್ತೆ 22 ಮೀಟರ್, ಒಂದು ಕಿ.ಮೀ. ಉದ್ದ, ಗಂಟೆಗೆ 50 ಮಿ.ಮೀ. ಮಳೆ. ಶೇ. 90 ಹರಿದರೆ ಸೆಕೆಂಡಿಗೆ 275 ಲೀಟರ್. ನೂರಕ್ಕೆ ಒಂದರ ಇಳಿಜಾರಿನಲ್ಲಿ 300 ಮಿ.ಮೀ. ಪೈಪು ತುಂಬಿ ಹರಿದರೂ ಒಯ್ಯುವುದು 97 ಲೀಟರ್. 450ರ ಪೈಪು 285. ಅಂಥ ಇಳಿಜಾರು ಎಲ್ಲ ಕಡೆ ಸಿಗುವುದೂ ಇಲ್ಲ. 300ರ ಅಡ್ಡಪೈಪು ಹಾಕಿ ಬಿಲ್ ಮಾಡಿದ ಜಾಗಗಳಲ್ಲಿ ಮೇ ತಿಂಗಳ ಅಡ್ಡಮಳೆ ಒಂದೇ ಸಂಜೆಗೆ ಲೆಕ್ಕ ಒಪ್ಪಿಸುತ್ತದೆ, ಏಕೆಂದರೆ ಒಳಗೆ ಕೈಹಾಕಿ ಸ್ವಚ್ಛ ಮಾಡಲಾಗದ ಪೈಪಿನಲ್ಲಿ ಅಷ್ಟರಲ್ಲೇ ಅರ್ಧ ಮಣ್ಣು ತುಂಬಿರುತ್ತದೆ.

ಧಾರವಾಡದ ಟೋಲ್ ನಾಕಾದಲ್ಲಿ ನೀರು ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಹಲವು ಸಲ ಬಂದಿವೆ. ಅಂಥ ತಗ್ಗುಗಳಿಗೆ ರಸ್ತೆಯ ನೀರಷ್ಟೇ ಅಲ್ಲ, ಸುತ್ತಲಿನ ಬಡಾವಣೆಗಳದ್ದೂ ಬರುತ್ತದೆ. ಲೆಕ್ಕ ಹಾಕುವಾಗ ರಸ್ತೆಯ ಅಗಲ ಅಳೆದರೆ ಸಾಲದು, ಮೇಲಿನಿಂದ ಇಳಿದು ಬರುವ ಬೀದಿಗಳನ್ನು ಮಳೆಯಲ್ಲೇ ನಡೆದು ನೋಡಬೇಕು. ಕರ್ಬಿನ ಕಿಂಡಿ ಅತಿ ತಗ್ಗಿನಲ್ಲಿ ಒಂದು, ಅದರ ಎರಡೂ ಬದಿಗೆ ಒಂದೊಂದು. ನೆಲಕ್ಕೆ ಮಲಗಿಸಿದ ಜಾಲರಿಗಿಂತ ಕರ್ಬಿನ ಮುಖದಲ್ಲಿರುವ ನಿಂತ ಕಿಂಡಿ ಮೇಲು: ಪ್ಲಾಸ್ಟಿಕ್ ಚೀಲ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ, ಗುಜರಿಗೂ ಹೋಗುವುದಿಲ್ಲ.

ಕೊನೆಯದು, ಉದ್ಘಾಟನೆಯಾಗಿ ಐದಾರು ವರ್ಷದ ಮೇಲೆ ಬರುವ ಎಡವಟ್ಟು. ಪಥಕ್ಕೆ ಮರುಡಾಂಬರು ಹಾಕುವ ಟೆಂಡರಿನಲ್ಲಿ ‘40 ಮಿ.ಮೀ. ಪದರ’ ಎಂದಷ್ಟೇ ಬರೆದಿರುತ್ತಾರೆ, ಹಳೆಯದನ್ನು ಮಿಲ್ಲಿಂಗ್ ಯಂತ್ರದಿಂದ ಕೆರೆದು ತೆಗೆಯುವ ಬಾಬ್ತು ಇರುವುದಿಲ್ಲ. ಗುತ್ತಿಗೆದಾರ ಬರೆದಂತೆ ಹಾಕುತ್ತಾನೆ. ಕಾಂಕ್ರೀಟಿಲ್ಲದ ನಿಲ್ದಾಣವಾದರೆ ಬಸ್ಸು 40 ಮಿ.ಮೀ. ಮೇಲೇಳುತ್ತದೆ, 900ರ ಪ್ಲಾಟ್‌ಫಾರ್ಮು 860 ಆಗುತ್ತದೆ, ಎರಡನೇ ಸಲಕ್ಕೆ 820. ಕರ್ಬಿನ ಕಿಂಡಿಯ ಎತ್ತರದಲ್ಲೂ ಅಷ್ಟೇ ಕಡಿತ. ಮೇಲ್ಪದರದ ಬಾಬ್ತಿನ ಪಕ್ಕದಲ್ಲೇ ‘40 ಮಿ.ಮೀ. ಮಿಲ್ಲಿಂಗ್, ಪ್ಲಾಟ್‌ಫಾರ್ಮಿನಿಂದ ರಸ್ತೆಗೆ ಕಾಮಗಾರಿಯ ಮೊದಲು ಮತ್ತು ನಂತರ 5 ಮೀಟರಿಗೊಂದು ಮಟ್ಟದ ಅಳತೆ’ ಎಂದು ಬರೆಸಿ, ಆ ಅಳತೆಯ ಹಾಳೆಯಿಲ್ಲದೆ ಬಿಲ್ಲಿಗೆ ಸಹಿ ಹಾಕದಿದ್ದರೆ ಆಯಿತು.