ಹಿಂದೆ ಕೂತವರ ಕೈಯಲ್ಲಿ ದೋಣಿ

ಹಾರಂಗಿ ಅಂದರೆ ನಮಗೆ ಅಣೆಕಟ್ಟು, ಮಳೆಗಾಲದಲ್ಲಿ ಗೇಟು ತೆಗೆದಾಗ ಟೀವಿಯಲ್ಲಿ ತೋರಿಸುವ ನೊರೆನೀರು, ಅಷ್ಟೇ. ಅದರ ಹಿಂದೆ ನಿಂತ ನೀರು ಕಾಫಿ ತೋಟಗಳ ಸಂದಿಗೊಂದಿಗೆಲ್ಲ ಹೇಗೆ ನುಗ್ಗಿದೆ ಅನ್ನೋದು ಗೊತ್ತಾಗಿದ್ದು ಹೋದ ಡಿಸೆಂಬರ್‌ನಲ್ಲಿ, ನಾವಿಬ್ಬರೂ ಅದರಲ್ಲಿ ಹುಟ್ಟು ಹಾಕಿದಾಗ.

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ. ಆಮೇಲೆ ಸುಂಟಿಕೊಪ್ಪ ದಾಟಿ ಮಾದಾಪುರದ ಕಡೆ ಹೋದರೆ ನನ್ನ ಸೋದರಮಾವನ ತೋಟ. ಅದರ ಕೆಳಗಿನ ಅಂಚು ಹಿನ್ನೀರಿಗೇ ತಾಗಿದೆ. ಮಾವನ ಮಗ ಬೆಂಗಳೂರಿಂದ ಆಸೆಪಟ್ಟು ತಂದು, ಎರಡು ಸಲ ಬಿಟ್ಟು, ಕಾಫಿ ಚೀಲಗಳ ಪಕ್ಕ ಶೆಡ್ಡಿನಲ್ಲಿ ಮಲಗಿಸಿದ್ದ ಇಬ್ಬರು ಕೂರುವ ಕನೂ ದೋಣಿ ನಮ್ಮ ಪಾಲಿಗೆ ಬಂತು. ಮಾವ ಮೂರು ಷರತ್ತು ಹಾಕಿದರು. ಲೈಫ್ ಜಾಕೆಟ್ ಬಿಚ್ಚಬಾರದು. ಅಣೆಕಟ್ಟಿನ ಕಡೆ ತಲೆ ಹಾಕಬಾರದು. ಕತ್ತಲಾಗುವ ಮೊದಲು ಆಚೆ ದಡದ ಅವರ ಗೆಳೆಯರ ತೋಟ ಸೇರಬೇಕು, ಟೆಂಟು ಅಲ್ಲೇ, ಕಾಡಿನ ಜಾಗದಲ್ಲಿ ಬೇಡ.

ಹೊರಟಿದ್ದು ಮಧ್ಯಾಹ್ನ ಎರಡಕ್ಕೆ. ಅದೇ ಮೊದಲ ತಪ್ಪು, ಯಾಕಂದ್ರೆ ಗಾಳಿ ಏಳೋದೇ ಆಗ. ನಮ್ಮೆಜಮಾನ್ರು ನನಗಿಂತ ಇಪ್ಪತ್ತೈದು ಕೆಜಿ ಜಾಸ್ತಿ, ಜೊತೆಗೆ ಹಿಂದೆ ಕೂತವರೇ ಡ್ರೈವರ್ ಅಂತ ಓದಿಕೊಂಡಿದ್ದರು, ಹಾಗಾಗಿ ಹಿಂದಿನ ಸೀಟು ಅವರದೇ. ದೋಣಿಯ ಮೂತಿ ಮೇಲೆದ್ದಿತು. ಎದುರುಗಾಳಿ ಬಂದಾಗಲೆಲ್ಲ ಆ ಮೂತಿ ಗಾಳಿಪಟದ ಹಾಗೆ ಒಂದು ಕಡೆಗೆ ವಾಲಿಕೊಂಡು ಹೋಗುತ್ತಿತ್ತು.

"ರೀ, ಎಡಕ್ಕೆ ತಿರುಗಿಸಿ!"

"ಎಡಕ್ಕೇ ಹಾಕ್ತಿದ್ದೀನಲ್ಲೇ!"

ಎಡಗಡೆ ಹುಟ್ಟು ಹಾಕಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಇಷ್ಟು ತಲೆಗೆ ಹೋಗಲು ನಮಗೆ ಅರ್ಧ ಗಂಟೆ ಬೇಕಾಯಿತು. ಅಷ್ಟರಲ್ಲಿ ಎರಡು ಸಲ ಒಂದೇ ಬೊಡ್ಡೆಯನ್ನು ಸುತ್ತಿದ್ದೆವು. ಮುಳುಗಡೆಯಾದ ಮರಗಳ ಬೊಡ್ಡೆಗಳು ನೀರು ಇಳಿದ ಹಾಗೆ ತಲೆ ಎತ್ತುತ್ತವೆ. ತುಂಬಿದಾಗ ಸಮುದ್ರಮಟ್ಟದಿಂದ 2,859 ಅಡಿ ಎತ್ತರಕ್ಕೆ ನಿಲ್ಲುವ ಹಾರಂಗಿ ಆಗಲೇ ಇಳಿಯತೊಡಗಿ ದಡದುದ್ದಕ್ಕೂ ಕೆಂಪು ಮಣ್ಣಿನ ಪಟ್ಟಿ ಕಾಣುತ್ತಿತ್ತು. ಬೊಡ್ಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆ ನಮ್ಮನ್ನು ನೋಡಿ ಹಾರಲೂ ಇಲ್ಲ. ಅಷ್ಟು ನಿಧಾನ ನಾವು.

ಕೊನೆಗೆ ಒಂದು ಮೂಲೆಯಲ್ಲಿ ದಡಕ್ಕೆ ಹತ್ತಿಸಿ ಸೀಟು ಬದಲಿಸೋಣ ಅಂತಾಯಿತು. ಆ ಮೂಲೆಗೆ ಒಂದು ತೊರೆ ಬಂದು ಸೇರುತ್ತದೆ. ದೋಣಿ ಸುಮ್ನೆ ನಿಂತುಬಿಟ್ಟಿತು. ಗಟ್ಟಿ ನೆಲ ಅಂದುಕೊಂಡು ನಾನು ಕಾಲಿಟ್ಟೆ, ಮೊಣಕಾಲವರೆಗೆ ಹೂತುಹೋಯಿತು. ಕಾಲು ಬಂತು, ಬಲಗಾಲಿನ ಚಪ್ಪಲಿ ಬರಲಿಲ್ಲ. 2018ರ ಆಗಸ್ಟ್ ಮಳೆಗೆ ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡಗಳು ಕುಸಿದವಲ್ಲ, ಆಗ ಬಂದ ಮಣ್ಣಿನಲ್ಲಿ ಎಷ್ಟೋ ಭಾಗ ಹಾರಂಗಿಗೇ ಬಂದು ಕೂತಿತು. ಪೇಪರಿನಲ್ಲಿ ಹೂಳು ಅಂತ ಓದುವುದು ಬೇರೆ, ಅದು ಬೆರಳ ಸಂದಿಯಲ್ಲಿ ಅರೆದ ಹಿಟ್ಟಿನ ಹಾಗೆ ತಣ್ಣಗೆ ಜಾರುವುದು ಬೇರೆ.

ಸೀಟು ಬದಲಿಸಿದ್ದೇ ದೋಣಿಗೆ ಬುದ್ಧಿ ಬಂತು. ಅವರ ಭಾರ ಮುಂದೆ, ಚೀಲಗಳು ಮಧ್ಯೆ, ನಾನು ಹಿಂದೆ. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಹುಟ್ಟನ್ನು ಎಳೆದು ಮುಗಿಸುವಾಗ ತಟ್ಟನೆ ಮೇಲೆತ್ತದೆ, ಮೇಲಿನ ಕೈಯ ಹೆಬ್ಬೆರಳು ಕೆಳಮುಖವಾಗುವ ಹಾಗೆ ಹಿಡಿ ತಿರುಗಿಸಿ, ನೀರನ್ನು ಹೊರಗೆ ಒಂಚೂರು ತಳ್ಳಬೇಕು. ಅಷ್ಟೇ ಗುಟ್ಟು. ಮೂತಿ ತಾನಾಗಿ ನೇರವಾಗುತ್ತದೆ. ಡ್ರೈವರ್ ಪಟ್ಟ ಕಳೆದುಕೊಂಡವರು ಹತ್ತು ನಿಮಿಷ ಮಾತಾಡಲಿಲ್ಲ, ಆದರೆ ಮುಂದೆ ಕೂತು ಎಳೆದದ್ದು ಮಾತ್ರ ಎತ್ತಿನ ಹಾಗೆ.

ಟೆಂಟ್ ಹಾಕುವಷ್ಟರಲ್ಲಿ ಬೆಳಕು ಮುಗಿದಿತ್ತು. ನೀರು ಹೋಗದ ಚೀಲ ಅಂತ ದುಡ್ಡು ಕೊಟ್ಟು ತಂದದ್ದರ ಬಾಯನ್ನು ಮೂರು ಸುತ್ತು ಮಡಚಬೇಕಿತ್ತು, ಅವಸರದಲ್ಲಿ ಒಂದೇ ಸುತ್ತಿಗೆ ಕ್ಲಿಪ್ ಹಾಕಿದ್ದೆ. ಬೆಂಕಿಪೊಟ್ಟಣ ಮುದ್ದೆ. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಬಂದು ಲೈಟರ್ ಕೊಟ್ಟರು, ಕೊಡುವಾಗ ನಗು ತಡೆದುಕೊಂಡದ್ದು ಕಾಣಿಸಿತು. ಅತ್ತೆ ಕಟ್ಟಿಕೊಟ್ಟ ಅಕ್ಕಿರೊಟ್ಟಿ ಪುಣ್ಯಕ್ಕೆ ಸ್ಟೀಲ್ ಡಬ್ಬಿಯಲ್ಲಿತ್ತು. ಕೆಂಡದ ಮೇಲೆ ಬಿಸಿ ಮಾಡಿ, ಕಾಚಂಪುಳಿ ಹಾಕಿದ ಪಂದಿಕರಿ ಜೊತೆ ತಿಂದೆವು. ಆ ಕಪ್ಪು ಹುಳಿ ಇಲ್ಲದೆ ಪಂದಿಕರಿ ಮಾಡುವವರ ಜೊತೆ ನನಗೆ ಮಾತಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಎದುರು ದಡದಲ್ಲಿ ಪಟಾಕಿ. ಮದುವೆ ಇರಬೇಕು ಅಂದರು ಇವರು. ನಾಯಿಗಳು ಬೊಗಳಿದವು, ಟಾರ್ಚುಗಳು ಓಡಾಡಿದವು. ಮದುವೆ ಅಲ್ಲ, ಯಾರದೋ ತೋಟಕ್ಕೆ ಆನೆ ಇಳಿದಿದೆ ಅಂತ ಹೇಳಿದ ಮೇಲೆ ಟೆಂಟಿನ ಜಿಪ್ ಎರಡು ಸಲ ಎಳೆದು ನೋಡಿದರು, ಆನೆಗೆ ಜಿಪ್ ಅಡ್ಡಿ ಅನ್ನೋ ಹಾಗೆ. ನಿದ್ದೆ ಅಷ್ಟಕ್ಕಷ್ಟೆ.

ಬೆಳಿಗ್ಗೆ ಆರೂವರೆಗೆ ಮಂಜು. ನೀರು ಯಾವುದು, ಮಂಜು ಯಾವುದು ಗೊತ್ತಾಗುತ್ತಿರಲಿಲ್ಲ. ಗಾಳಿ ಒಂಚೂರೂ ಇಲ್ಲ. ನಿನ್ನೆ ಎರಡೂವರೆ ಗಂಟೆ ತಿಂದ ದಾರಿ ಇವತ್ತು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು, ಒಂದೂ ಜಗಳವಿಲ್ಲದೆ. ಹುಟ್ಟಿನಿಂದ ತೊಟ್ಟಿಕ್ಕುವ ಹನಿ ಬಿಟ್ಟರೆ ಸದ್ದೇ ಇರಲಿಲ್ಲ.

ಮಾವ ದಡದಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ನಿಂತಿದ್ದರು. ಮೊದಲು ನೋಡಿದ್ದು ನನ್ನ ಬರಿಗಾಲನ್ನು. "ಎಲ್ಲಿ ಹೂತದ್ದು, ತೊರೆ ಬಾಯಲ್ಲಾ? ಏಪ್ರಿಲ್‌ನಲ್ಲಿ ನೀರು ಪೂರ್ತಿ ಇಳಿಯುತ್ತೆ, ಸಿಕ್ಕರೆ ತೆಗೆದಿಡ್ತೀನಿ. ಎಡಗಾಲಿಂದು ಬಿಸಾಡಬೇಡ."