ಹುಡುಕಿದರೂ ಸಿಗದ ಹೆಸರು

14 ನವೆಂಬರ್ 2024, ಗುರುವಾರ, ರಾತ್ರಿ

ಪಕ್ಕದ ಸೀಟಿನ ಹುಡುಗ ಇವತ್ತು ಊಟಕ್ಕೂ ಏಳಲಿಲ್ಲ. ಎರಡು ದಿನದಿಂದ ಅದೇ ಸರ್ಚ್ ಪೇಜ್ ಮುಂದೆ ಕೂತಿದ್ದಾನೆ. ಆಕ್ಸೆಸ್ (ಮೈಕ್ರೋಸಾಫ್ಟಿನ ಡೇಟಾಬೇಸ್ ಸಾಫ್ಟ್‌ವೇರ್) ಫೈಲಿನಿಂದ ಹೆಸರು ಹುಡುಕಿ ಕೊಡುವ ಪೇಜ್ ಅದು. ಕೊನೆಗೆ ನಾನೇ ಕುರ್ಚಿ ಎಳೆದುಕೊಂಡು ಹೋದೆ.

"ಮೇಡಂ, ಆಕ್ಸೆಸ್ ಒಳಗೆ ಓಡಿಸಿದ್ರೆ 42 ಹೆಸರು ಬರುತ್ತೆ. ಪೇಜಿಂದ ಓಡಿಸಿದ್ರೆ ಒಂದೂ ಇಲ್ಲ. ಎರರ್ ಕೂಡ ಇಲ್ಲ."

"ಅದೇ ಕ್ವೆರಿನಾ?" ಅಂದೆ. ಕ್ವೆರಿ ಅಂದರೆ ಡೇಟಾಬೇಸಿಗೆ ಕೊಡುವ ಹುಡುಕಾಟದ ಆದೇಶ.

"ಒಂದಕ್ಷರ ಬದಲಾಗಿಲ್ಲ. ಕಾಪಿ ಮಾಡಿ ಹಾಕಿದೀನಿ."

ಗಂಟು ಇದ್ದದ್ದೇ ಅಲ್ಲಿ. ಕ್ವೆರಿಯಲ್ಲಿ ಲೈಕ್ (LIKE, 'ಇದರ ಹಾಗಿರುವುದು' ಅಂತ ಹುಡುಕುವ ಪದ) ಆದ ಮೇಲೆ 'ಸುಮ*' ಅಂತ ಬರೆದಿದ್ದ. ಆಕ್ಸೆಸ್ ಒಳಗೇ ಕೂತು ಹುಡುಕುವಾಗ ಸಾಮಾನ್ಯವಾಗಿ * ಅಂದರೆ 'ಮುಂದೆ ಏನಿದ್ದರೂ ಸರಿ'. ವೆಬ್ ಪೇಜ್ ಎಡಿಒ (ಪ್ರೋಗ್ರಾಂನಿಂದ ಡೇಟಾಬೇಸಿಗೆ ಹೋಗುವ ದಾರಿ) ಮೂಲಕ ಅದೇ ಫೈಲಿಗೆ ಹೋದಾಗ ಆ ಕೆಲಸ % ಮಾಡುತ್ತದೆ. * ಅಲ್ಲಿ ಬರೀ * ಚಿಹ್ನೆಯೇ, ಬೇರೆ ಅರ್ಥ ಇಲ್ಲ. ಅಂದರೆ, ಹೆಸರಿನ ಕೊನೆಗೆ ನಿಜವಾಗಿಯೂ * ಇಟ್ಟುಕೊಂಡವರು ಯಾರಾದರೂ ಇದ್ದಾರಾ ಅಂತ ಪೇಜ್ ಕೇಳುತ್ತಿತ್ತು. ಇಲ್ಲ ಅಂತ ಉತ್ತರ ಬರುತ್ತಿತ್ತು.

* ಅಳಿಸಿ % ಹಾಕಿದ. 42 ಸಾಲು ಬಂತು. ಅವನ ಭುಜ ಕೆಳಗಿಳಿದದ್ದು ನೋಡಿ ನನಗೂ ಉಸಿರು ಬಂದ ಹಾಗಾಯಿತು. ಜನ ಟೈಪ್ ಮಾಡಿದ್ದನ್ನ ಕ್ವೆರಿಗೆ ನೇರವಾಗಿ ಅಂಟಿಸಬೇಡ, ಪ್ಯಾರಾಮೀಟರ್ ಮಾಡು (ಅಂದರೆ ಕ್ವೆರಿಯಿಂದ ಬೇರೆಯಾಗಿ ಕಳಿಸು), % ಅನ್ನೋದನ್ನ ಆ ಟೈಪ್ ಮಾಡಿದ ಪದದ ಜೊತೆಗೇ ಸೇರಿಸಿ ಕಳಿಸು ಅಂತಲೂ ಹೇಳಿದೆ. ಪ್ಯಾರಾಮೀಟರಿನ ಜಾಗ ತೋರಿಸೋ ಗುರುತು ?. ಅದನ್ನ ಕೋಟ್ ಗುರುತುಗಳ ಒಳಗೆ ಬರೆದರೆ ಪ್ಯಾರಾಮೀಟರ್ ಆಗಲ್ಲ.

ಸಂಜೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ಆ ಪೇಜ್ ಸೋಮವಾರದಿಂದಲೇ ಜನರ ಕೈಯಲ್ಲಿದೆ. ಎರರ್ ಬಂದಿದ್ದರೆ ಯಾರಾದರೂ ಬಂದು ಹೇಳುತ್ತಿದ್ದರು. 'ಯಾವ ದಾಖಲೆಯೂ ಇಲ್ಲ' ಅಂದರೆ ನಂಬುತ್ತಾರೆ, ಅಲ್ವಾ? ನಂಬಿ ಏನು ಮಾಡಿರಬಹುದು ಅಂತ ದಾಖಲೆಗಳ ಟೇಬಲ್ ತೆಗೆದು ನೋಡಿದೆ. ಒಂದೇ ಹೆಸರು, ಒಂದೇ ಫೋನ್ ನಂಬರ್, ಎರಡು ಸಾಲು. ಎರಡನೆಯದರ ತಾರೀಕು ಮಂಗಳವಾರದ್ದು. ಕೆಳಗೆ ಇನ್ನೊಂದು ಜೋಡಿ. ಸಿಗಲಿಲ್ಲ ಅಂತ ಯಾರೋ ಕೂತು ಹೊಸದಾಗಿ ಪೂರ್ತಿ ವಿವರ ತುಂಬಿದ್ದಾರೆ. ಎಷ್ಟು ಹೊತ್ತು ಹಿಡಿದಿರುತ್ತೋ.

ಹುಡುಗನಿಗೆ ಇದನ್ನ ಹೇಳಲಿಲ್ಲ. ಇವತ್ತು ಬೇಡ.

ಮಲಗುವ ಹೊತ್ತಿಗೆ ಇನ್ನೊಂದು ಹೊಳೆಯಿತು. ಐಟಂ ಕೋಡ್‌ಗಳಲ್ಲಿ _ ಇದೆ. ಈಗ % ನಡೆಯುವ ಕಡೆ _ ಅಂದರೆ ಯಾವುದಾದರೂ ಒಂದು ಅಕ್ಷರ. 'A_1' ಹುಡುಕಿದರೆ 'AB1' ಕೂಡ ಬರುತ್ತೆ. ಕಡಿಮೆ ಬಂದರೆ ಒಂದಲ್ಲ ಒಂದು ದಿನ ಕಣ್ಣಿಗೆ ಬೀಳುತ್ತೆ. ಜಾಸ್ತಿ ಬಂದರೆ ಯಾರೂ ದೂರು ಕೊಡಲ್ಲ. ಬೆಳಿಗ್ಗೆ ಮೊದಲು ಎಷ್ಟು ಕೋಡ್‌ಗಳಲ್ಲಿ _ ಇದೆ ಅಂತ ಎಣಿಸಬೇಕು. ಎಣಿಸೋ ಕ್ವೆರಿಯಲ್ಲೂ ಅದನ್ನ ಬ್ರಾಕೆಟ್ ಒಳಗೆ [_] ಅಂತಲೇ ಬರೆಯಬೇಕು, ಆಗಲೇ ಅದು ಬರೀ _, ಇಲ್ಲದಿದ್ದರೆ ಎಲ್ಲ ಸಾಲೂ...